ಸಿಟ್ಟು, ಅಳು ಉಕ್ಕಿ ಬಂದಾಗ ಪುಟ್ಟ ಮಕ್ಕಳಿಗೆ ಉಸಿರಾಟದ ಆಟಗಳು: ನಿಮ್ಮಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ?

ತುಮಕೂರು ಅಮ್ಮ

ನನ್ನ ಮಗಳಿಗೆ ನಾಲ್ಕು ವರ್ಷ ತುಂಬಿದೆ. ಬಾಳೆಹಣ್ಣು ಸುಲಿಯುವಾಗ ನಡುವೆ ಮುರಿದುಹೋದರೆ ಅದನ್ನು ಮೊದಲಿನಂತೆ ಜೋಡಿಸಿಕೊಡಬೇಕೆಂದು ನೆಲದ ಮೇಲೆ ಬಿದ್ದು ಅಳುತ್ತಾಳೆ. ಬೇರೆ ಹಣ್ಣು ಕೊಟ್ಟರೆ ಬೇಡ, ಎತ್ತಿಕೊಂಡರೂ ಬೇಡ. ಅವಳು ಹೋಗುವ ಶಿಶುವಿಹಾರದಲ್ಲಿ, ಇಂಥ ಹೊತ್ತಿನಲ್ಲಿ ಮಗುವಿನಿಂದ ದೀರ್ಘವಾಗಿ ಉಸಿರು ತೆಗೆಸಿ ಹತ್ತರವರೆಗೆ ಎಣಿಸಿರಿ ಎಂದು ಹೇಳಿಕೊಟ್ಟಿದ್ದಾರೆ. ನಾನು "ದೀರ್ಘವಾಗಿ ಉಸಿರು ತೆಗೆದುಕೋ ಪುಟ್ಟಾ" ಎಂದರೆ ಸಾಕು, ಅವಳ ಅಳು ಇಮ್ಮಡಿಯಾಗುತ್ತದೆ. ನಮ್ಮ ಅತ್ತೆಯವರು, "ಅಳುವ ಮಗುವಿಗೆ ಪ್ರಾಣಾಯಾಮ ಯಾಕೆ, ಸ್ವಲ್ಪ ಹೊತ್ತು ಅಳಲಿ ಬಿಡು" ಎನ್ನುತ್ತಾರೆ. ಇಂಥ ಆಟಗಳಿಂದ ಪ್ರಯೋಜನ ಕಂಡವರು ಯಾವ ವಯಸ್ಸಿನಲ್ಲಿ, ಯಾವ ಹೊತ್ತಿನಲ್ಲಿ, ಹೇಗೆ ಆಡಿಸಿದಿರಿ ಎಂದು ದಯವಿಟ್ಟು ವಿವರವಾಗಿ ತಿಳಿಸಿರಿ.

ಕಲಬುರಗಿ ಓದುಗ

ನಿಮ್ಮ ಅತ್ತೆಯವರು ಹೇಳಿದ್ದೇ ಸರಿ ಎಂದು ನನಗೆ ಅನ್ನಿಸುತ್ತದೆ. ನಾಲ್ಕು ವರ್ಷದ ಮಗು ಹಣ್ಣಿಗಾಗಿ ಅಳುವುದು ರೋಗವಲ್ಲ.

ಅಂಗನವಾಡಿ ಟೀಚರ್, ಹಾಸನ ಜಿಲ್ಲೆ

ರೋಗವೆಂದು ಇಲ್ಲಿ ಯಾರೂ ಹೇಳಿಲ್ಲವಲ್ಲ, ಸರ್. ಅಳುವ ಮಗುವಿಗೆ ತನ್ನ ಸಂಕಟದಿಂದ ಹೊರಬರುವ ದಾರಿ ಗೊತ್ತಿರುವುದಿಲ್ಲ, ಆ ದಾರಿಯನ್ನು ತೋರಿಸುವುದು ಹೇಗೆ ಎಂಬುದಷ್ಟೇ ಈ ತಾಯಿಯ ಪ್ರಶ್ನೆ.

ಅಮ್ಮನವರೇ, ಮೂರರಿಂದ ಆರು ವರ್ಷದ ಮಕ್ಕಳ ಜೊತೆ ದಿನವೂ ಇರುವವಳಾಗಿ ಹೇಳುತ್ತೇನೆ: ಅಳು ಏರಿರುವಾಗ ಹೊಸದೇನನ್ನೂ ಕಲಿಸಲು ಆಗುವುದಿಲ್ಲ. ನಮ್ಮ ಕೇಂದ್ರದಲ್ಲಿ ಬೆಳಿಗ್ಗೆ ಎಲ್ಲರೂ ನಗುನಗುತ್ತಾ ಕುಳಿತಿರುವಾಗಲೇ ಊದುವ ಆಟ ಆಡಿಸುತ್ತೇವೆ. ಚಾಪೆಯ ಒಂದು ಅಂಚಿನಲ್ಲಿ ಹತ್ತಿಯ ಉಂಡೆಗಳನ್ನು ಇಟ್ಟು, ಮಕ್ಕಳು ಬೋರಲಾಗಿ ಮಲಗಿ ಅವನ್ನು ಊದುತ್ತಾ ಇನ್ನೊಂದು ಅಂಚಿಗೆ ಮುಟ್ಟಿಸಬೇಕು. ಜೋರಾಗಿ ಊದಿದರೆ ಉಂಡೆ ಅಡ್ಡದಾರಿ ಹಿಡಿಯುತ್ತದೆ, ಮೆಲ್ಲಗೆ ಉದ್ದವಾಗಿ ಊದಿದರೆ ನೇರವಾಗಿ ಹೋಗುತ್ತದೆ. ಇದನ್ನು ನಾನು ಹೇಳಬೇಕಾಗಿಯೇ ಇಲ್ಲ, ಎರಡನೆಯ ಸುತ್ತಿಗೆ ಅವರೇ ಕಂಡುಕೊಂಡಿರುತ್ತಾರೆ. ಸೋಪಿನ ಗುಳ್ಳೆಯೂ ಹಾಗೆಯೇ: ರಭಸದಿಂದ ಊದಿದರೆ ಪೊರೆ ಒಡೆಯುತ್ತದೆ, ನಿಧಾನವಾಗಿ ಊದಿದರೆ ದೊಡ್ಡ ಗುಳ್ಳೆ ಬರುತ್ತದೆ. ತೆಂಗಿನ ಗರಿಯಲ್ಲಿ ಮಾಡಿದ ಗಿರಗಟ್ಟೆಗೆ ಖರ್ಚೇ ಇಲ್ಲ. ಹೀಗೆ ಆಡಿ ಆಡಿ ಅಭ್ಯಾಸವಾದ ಮಗು ಅಳುವಾಗ, ನಾನು ಬಾಯಿ ಬಿಟ್ಟು ಏನೂ ಹೇಳದೆ ಪಕ್ಕದಲ್ಲಿ ಕುಳಿತು ಗಿರಗಟ್ಟೆ ಊದುತ್ತಿರುತ್ತೇನೆ. ಕೆಲವು ಮಕ್ಕಳು ಸ್ವಲ್ಪ ಹೊತ್ತಿಗೆ ಕೈ ಚಾಚುತ್ತಾರೆ, ಕೆಲವರು ಚಾಚುವುದಿಲ್ಲ. ಚಾಚದಿದ್ದರೆ ಒತ್ತಾಯ ಮಾಡಬಾರದು.

ಹುಬ್ಬಳ್ಳಿ ಅಪ್ಪ

ನಮ್ಮ ಮಗನಿಗೆ ಯೂಟ್ಯೂಬ್ ನೋಡಿ "ಹೂವಿನ ವಾಸನೆ ತೆಗೆದುಕೋ, ಮೇಣದ ಬತ್ತಿ ಊದು" ಎಂಬ ಆಟ ಕಲಿಸಿದೆವು. ಅವನಿಗೆ ಬಹಳ ಇಷ್ಟವಾಯಿತು. ಆದರೆ ಒಂದು ಸಂಜೆ ದೇವರ ಮನೆಯಲ್ಲಿ ದೀಪ ಊದಲು ಹೋದದ್ದನ್ನು ಕಂಡು ನಮ್ಮ ತಾಯಿ ಬಹಳ ನೊಂದುಕೊಂಡರು. ದೀಪವನ್ನು ಬಾಯಿಂದ ಊದಿ ಆರಿಸಬಾರದು, ದೇವರಿಗೆ ಏರಿಸುವ ಹೂವನ್ನು ಮೂಸಬಾರದು ಎಂದು ನಾವೇ ಕಲಿಸಿರುತ್ತೇವೆ, ಆಟದಲ್ಲಿ ಅದನ್ನೇ ಮಾಡು ಎನ್ನುತ್ತೇವೆ. ಮಗುವಿಗೆ ಗೊಂದಲವಾಗದೆ ಇರುತ್ತದೆಯೇ?

ಶಿರಸಿ ಅಜ್ಜಿ

ದೀಪವೇ ಯಾಕೆ ಬೇಕು, ತಮ್ಮಾ? ಬಿಸಿ ಕಷಾಯದ ಲೋಟ ಇಲ್ಲವೇ? ನಮ್ಮ ಮೊಮ್ಮಕ್ಕಳಿಗೆ ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಸುತ್ತೇನೆ. ಮೊದಲು ಮೂಗಿನಿಂದ ಏಲಕ್ಕಿಯ ಪರಿಮಳ ಎಳೆದುಕೊಳ್ಳಬೇಕು, ಆಮೇಲೆ ತುಟಿ ಸಣ್ಣ ಮಾಡಿ ಆರಿಸಬೇಕು. ಜೋರಾಗಿ ಊದಿದರೆ ಕಷಾಯ ಚೆಲ್ಲುತ್ತದೆ ಎಂದು ನಾನು ಹೇಳುತ್ತೇನೆ, ಚೆಲ್ಲದ ಹಾಗೆ ಅವರು ಊದುತ್ತಾರೆ. ಕಿರಿಯವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆರಿಸಿದ ಕಷಾಯವನ್ನು ಎಲ್ಲರಿಗೂ ಹಂಚಿ, ನಾವು ಕುಡಿದು "ಆಹಾ" ಎನ್ನುವವರೆಗೂ ಬಿಡುವುದಿಲ್ಲ. ಅಷ್ಟರಲ್ಲಿ ಅತ್ತದ್ದು ಯಾತಕ್ಕೆ ಎಂಬುದೇ ಮರೆತಿರುತ್ತದೆ.

ಹುಬ್ಬಳ್ಳಿ ಅಪ್ಪ

ಅಜ್ಜಿಯವರೇ, ಇದು ನಮ್ಮ ಮನೆಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಇಂದೇ ನಮ್ಮ ತಾಯಿಯವರಿಂದಲೇ ಶುರು ಮಾಡಿಸುತ್ತೇನೆ.

ಕಲಬುರಗಿ ಓದುಗ

ಅಜ್ಜಿಯವರ ಆಟ ಚಂದವಾಗಿದೆ, ಆದರೆ ಅಲ್ಲಿ ಕೆಲಸ ಮಾಡಿದ್ದು ಉಸಿರಾಟವೋ, ಅಜ್ಜಿಯ ಮಡಿಲೋ ಎಂಬುದೇ ನನ್ನ ಪ್ರಶ್ನೆ. ಗಮನ ಬೇರೆ ಕಡೆ ಹೋದದ್ದರಿಂದ ಅಳು ನಿಂತಿದೆ ಅಷ್ಟೆ. ಕಾಗೆ, ಗುಬ್ಬಿ ತೋರಿಸಿದರೂ ನಿಲ್ಲುತ್ತಿತ್ತು. ಉಸಿರಿನಿಂದಲೇ ಮಕ್ಕಳ ದೇಹ ಶಾಂತವಾಗುತ್ತದೆ ಎಂದು ಅಳೆದು ನೋಡಿದವರು ಯಾರಾದರೂ ಇದ್ದಾರೆಯೇ?

ಮಕ್ಕಳ ಡಾಕ್ಟರ್, ದಾವಣಗೆರೆ

ಅಳೆದು ನೋಡಿದವರು ಇದ್ದಾರೆ, ಸರ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು ಏಳು ವರ್ಷದ 300ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಪ್ರಯೋಗಾಲಯದಲ್ಲಿ ಅಲ್ಲ, ಮಕ್ಕಳ ವಸ್ತುಸಂಗ್ರಹಾಲಯ, ಆಟದ ಮೈದಾನ, ಬೇಸಿಗೆ ಶಿಬಿರಗಳಂಥ ಗದ್ದಲದ ಜಾಗಗಳಲ್ಲಿಯೇ ಕೆಲವರಿಗೆ ನಿಧಾನವಾಗಿ ಉಸಿರಾಡುವುದನ್ನು ಚಿತ್ರಗಳ ಮೂಲಕ ಕಲಿಸುವ ಒಂದು ನಿಮಿಷದ ವಿಡಿಯೋ ತೋರಿಸಿದರು, ಉಳಿದವರಿಗೆ ಉಸಿರಿನ ಮಾತೇ ಇಲ್ಲದ ಬೇರೆ ವಿಡಿಯೋ ತೋರಿಸಿದರು. ಉಸಿರಾಟದ ವಿಡಿಯೋ ನೋಡಿದವರ ಹೃದಯ ಬಡಿತ ತಗ್ಗಿತು, ಉಳಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹಾಗಾಗಿ ಗಮನ ಬೇರೆಡೆಗೆ ಹೋದದ್ದೊಂದೇ ಕಾರಣ ಎನ್ನಲು ಬರುವುದಿಲ್ಲ. ಆದರೆ ಆ ಮಕ್ಕಳು ಅಳುತ್ತಿರಲಿಲ್ಲ, ಸಾಮಾನ್ಯ ಸ್ಥಿತಿಯಲ್ಲಿದ್ದರು ಎಂಬುದನ್ನೂ ಮರೆಯಬಾರದು. ನೆಲದ ಮೇಲೆ ಹೊರಳಾಡುವ ಮಗುವಿಗೆ ಇದೇ ಫಲ ಸಿಗುತ್ತದೆ ಎಂದು ಆ ಅಧ್ಯಯನದಿಂದ ಹೇಳಲಾಗದು.

ಇದು ಹೇಗೆ ಆಗುತ್ತದೆ ಎಂಬುದನ್ನೂ ಸ್ವಲ್ಪ ಹೇಳುತ್ತೇನೆ. ಉಸಿರು ಒಳಗೆ ಎಳೆದುಕೊಳ್ಳುವಾಗ ಹೃದಯ ಬಡಿತ ತುಸು ವೇಗವಾಗುತ್ತದೆ, ಹೊರಗೆ ಬಿಡುವಾಗ ನಿಧಾನವಾಗುತ್ತದೆ. ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ಎಂಬ ನರ ಉಸಿರು ಬಿಡುವಾಗ ಹೆಚ್ಚು ಕೆಲಸ ಮಾಡುವುದೇ ಇದಕ್ಕೆ ಕಾರಣ. ಆದ್ದರಿಂದ ಮಕ್ಕಳಿಗೆ "ಉಸಿರು ಎಳೆದುಕೋ" ಎನ್ನುವುದಕ್ಕಿಂತ "ಊದು" ಎನ್ನುವುದು ಒಳ್ಳೆಯದು. "ದೀರ್ಘವಾಗಿ ಎಳೆದುಕೋ" ಎಂದರೆ ಪುಟ್ಟ ಮಕ್ಕಳು ಹೆಗಲು ಮೇಲೆತ್ತಿ, ಎದೆ ಉಬ್ಬಿಸಿ, ಗಾಳಿಯನ್ನು ನುಂಗಿದಂತೆ ಮಾಡಿ ಅಲ್ಲಿಯೇ ಬಿಗಿಹಿಡಿಯುತ್ತಾರೆ. ಪೂರ್ತಿ ಊದಿ ಮುಗಿಸಿದರೆ ಒಳಗೆ ಎಳೆದುಕೊಳ್ಳುವುದು ತಾನಾಗಿಯೇ ನಡೆಯುತ್ತದೆ.

ತುಮಕೂರು ಅಮ್ಮ

ಡಾಕ್ಟರೇ, ಹೆಗಲು ಎತ್ತುವುದನ್ನು ನೀವು ಕಣ್ಣಾರೆ ಕಂಡಂತೆ ಬರೆದಿದ್ದೀರಿ, ಅವಳು ಮಾಡುವುದು ಅದನ್ನೇ. ಶಿಶುವಿಹಾರದಲ್ಲಿ ನಾಲ್ಕು ಎಣಿಸುವವರೆಗೆ ಒಳಗೆ, ನಾಲ್ಕು ಎಣಿಸುವವರೆಗೆ ಹಿಡಿ, ನಾಲ್ಕು ಎಣಿಸುವವರೆಗೆ ಹೊರಗೆ ಎಂದು ಹೇಳಿದ್ದರು. ಅದು ಸರಿಯೇ?

ಮಕ್ಕಳ ಡಾಕ್ಟರ್, ದಾವಣಗೆರೆ

ದೊಡ್ಡವರ ಲೆಕ್ಕವನ್ನು ಮಕ್ಕಳಿಗೆ ಹೊರಿಸಬಾರದು. ದೊಡ್ಡವರು ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿದರೆ, ನಾಲ್ಕು ವರ್ಷದ ಮಗು ಸುಮಾರು 20ರಿಂದ 30 ಬಾರಿ ಉಸಿರಾಡುತ್ತದೆ. ಅಷ್ಟು ಚಿಕ್ಕ ಮಗುವಿಗೆ ಮೂರು ನಾಲ್ಕರ ಎಣಿಕೆ ಹಿಡಿದು ಕೂರುವುದು ಕಷ್ಟ, ಉಸಿರು ಬಿಗಿಹಿಡಿಯುವುದಂತೂ ಬೇಡವೇ ಬೇಡ. ಎಣಿಕೆಯಿಲ್ಲದೆ ಮೂರೋ ನಾಲ್ಕೋ ಸಲ ಉದ್ದವಾಗಿ ಊದಿದರೆ ಸಾಕು. ಬಿಡುವಿಲ್ಲದೆ ಜೋರಾಗಿ ಊದುತ್ತಲೇ ಇದ್ದರೆ ತಲೆ ಸುತ್ತುತ್ತದೆ, ಬೆರಳು ಜುಮುಗುಟ್ಟುತ್ತದೆ. ಆಗ ನಿಲ್ಲಿಸಿ ಆಟ ಬದಲಿಸಿ.

ಯೋಗ ಶಿಕ್ಷಕ, ಮೈಸೂರು

ಇಷ್ಟೆಲ್ಲ ಹೊಸ ಹೆಸರುಗಳ ನಡುವೆ ನಮ್ಮಲ್ಲಿಯೇ ಇರುವ ಭ್ರಾಮರಿಯನ್ನು ಯಾರೂ ನೆನೆಯಲಿಲ್ಲ ಎಂಬುದು ಬೇಸರದ ಸಂಗತಿ. ತುಟಿ ಮುಚ್ಚಿ ದುಂಬಿಯಂತೆ "ಮ್‌ಮ್‌ಮ್" ಎಂದು ಗುಂಯ್‌ಗುಡುವಾಗ ಉಸಿರು ಮೂಗಿನ ಮೂಲಕ ಬಹಳ ನಿಧಾನವಾಗಿ ಹೊರಬರುತ್ತದೆ. ಡಾಕ್ಟರು ಹೇಳಿದ ಉದ್ದನೆಯ ಹೊರ ಉಸಿರು ಎಂದರೆ ಇದೇ. ಮಕ್ಕಳಿಗೆ ಮುದ್ರೆ, ಕಣ್ಣು ಮುಚ್ಚುವುದು ಯಾವುದೂ ಬೇಕಿಲ್ಲ. "ದುಂಬಿ ಮೊದಲು ಯಾವ ಹೂವಿಗೆ ಹೋಯಿತು, ಆಮೇಲೆ ಯಾವುದಕ್ಕೆ" ಎಂದು ಕೇಳುತ್ತಾ ಒಂದೊಂದು ಹೂವಿಗೂ ಒಂದೊಂದು ಗುಂಜಾರವ ಮಾಡಿಸಿದರೆ ಸಾಕು. ಸಿಂಹಾಸನವನ್ನೂ ಮಾಡಿಸಬಹುದು, ನಾಲಿಗೆ ಚಾಚಿ "ಹಾ" ಎಂದು ಗರ್ಜಿಸುವುದು ಎಲ್ಲ ಮಕ್ಕಳಿಗೂ ಇಷ್ಟ.

ಅಂಗನವಾಡಿ ಟೀಚರ್, ಹಾಸನ ಜಿಲ್ಲೆ

ದುಂಬಿಯನ್ನು ನಾನು ಪೂರ್ತಿ ಒಪ್ಪುತ್ತೇನೆ ಸರ್, ಸಿಂಹವನ್ನು ಒಪ್ಪಲಾರೆ. ಒಂದು ಮಗು ಗರ್ಜಿಸಿದರೆ ಪಕ್ಕದ ಮಗು ಅದಕ್ಕಿಂತ ಜೋರಾಗಿ ಗರ್ಜಿಸುತ್ತದೆ, ಕೊನೆಗೆ ಕೇಂದ್ರವೆಲ್ಲ ಕಾಡಾಗುತ್ತದೆ. ಮೊದಲೇ ಉದ್ರೇಕಗೊಂಡ ಮಗು ಇನ್ನಷ್ಟು ಉದ್ರೇಕಗೊಳ್ಳುವುದನ್ನು ನಾನು ನೋಡಿದ್ದೇನೆ.

ಯೋಗ ಶಿಕ್ಷಕ, ಮೈಸೂರು

ಗುಂಪಿನಲ್ಲಿ ಮಾಡಿಸಿದರೆ ಹಾಗಾಗುವುದು ನಿಜ. ಆದರೆ ಸಿಟ್ಟಿನಿಂದ ಮುಷ್ಟಿ ಬಿಗಿದು ನಿಂತ ಮಗುವನ್ನು ನೇರವಾಗಿ ದುಂಬಿಯಾಗು ಎಂದರೂ ಆಗುವುದಿಲ್ಲ, ಆ ಶಕ್ತಿ ಎಲ್ಲಿಯಾದರೂ ಖರ್ಚಾಗಲೇಬೇಕು. ಗೋಡೆಯನ್ನು ಎರಡೂ ಕೈಯಿಂದ ತಳ್ಳಿಸಿ, ಒಂದೆರಡು ಸಲ ಗರ್ಜಿಸಲು ಬಿಟ್ಟು, ಆಮೇಲೆ "ಸಿಂಹಕ್ಕೆ ನಿದ್ದೆ ಬಂತು" ಎಂದು ಸ್ವರ ಇಳಿಸುತ್ತಾ ಬಂದರೆ ಫಲ ಸಿಗುತ್ತದೆ. ಗರ್ಜನೆಗೇ ನಿಲ್ಲಿಸಿಬಿಟ್ಟರೆ ನೀವು ಹೇಳಿದಂತೆಯೇ ಆಗುತ್ತದೆ.

ಅಂಗನವಾಡಿ ಟೀಚರ್, ಹಾಸನ ಜಿಲ್ಲೆ

ಒಂದೇ ಮಗುವಿರುವ ಮನೆಗೆ ಇದು ಸರಿಹೋಗುತ್ತದೆ, ಒಪ್ಪುತ್ತೇನೆ.

ಮಲೆನಾಡಿನವನು

ನಾವು ಚಿಕ್ಕವರಿದ್ದಾಗ ಬೇಲಿಯ ಕಾಡುಹರಳಿನ ದಂಟು ಮುರಿದು, ಆ ಸಂದಿಯಲ್ಲಿ ಹಾಲಿನ ಪೊರೆ ನಿಂತಾಗ ಊದಿ ಗುಳ್ಳೆ ಬಿಡುತ್ತಿದ್ದೆವು. ಪೊರೆ ಎಷ್ಟು ತೆಳುವೆಂದರೆ ಉಸಿರು ಬಿಗಿಹಿಡಿದು ಎಳೆಎಳೆಯಾಗಿ ಬಿಟ್ಟರೆ ಮಾತ್ರ ಕಾಮನಬಿಲ್ಲಿನ ಬಣ್ಣದ ಗುಳ್ಳೆ ತೇಲಿ ಹೋಗುತ್ತಿತ್ತು. ಕಬಡ್ಡಿಯಂಥ ಗುಡುಗುಡು ಆಟದಲ್ಲಿಯೂ ಒಂದೇ ಉಸಿರಿನಲ್ಲಿ "ಗುಡುಗುಡು" ಎನ್ನುತ್ತಾ ಎದುರಾಳಿಗಳ ಅಂಗಳಕ್ಕೆ ಹೋಗಿ ಬರಬೇಕಿತ್ತು. ಈಗಿನ ಮಕ್ಕಳಿಗೆ ಇವೆಲ್ಲ ಸಿಗದಿರುವುದರಿಂದಲೇ ಉಸಿರಾಟವನ್ನು ಪಾಠದಂತೆ ಕಲಿಸಬೇಕಾಗಿ ಬಂದಿದೆ ಎಂದು ನನಗೆ ಅನ್ನಿಸುತ್ತದೆ.

ಮಕ್ಕಳ ಡಾಕ್ಟರ್, ದಾವಣಗೆರೆ

ನೆನಪು ಚಂದವಾಗಿದೆ, ಆದರೆ ಇದನ್ನು ಓದಿ ಯಾರೂ ಮಕ್ಕಳ ಕೈಗೆ ಕಾಡುಹರಳು ಕೊಡಬೇಡಿ. ಅದರ ಬೀಜ ವಿಷ, ತಿಂದ ಮಕ್ಕಳಿಗೆ ವಾಂತಿ ಭೇದಿಯಾಗುತ್ತದೆ. ಹಾಗೆಯೇ ಬಲೂನು ಊದಿಸುವ ಸಲಹೆಯನ್ನೂ ಹಲವು ಕಡೆ ನೋಡುತ್ತೇನೆ. ಊದದ ಬಲೂನನ್ನೋ ಒಡೆದ ಚೂರನ್ನೋ ಮಗು ಒಳಕ್ಕೆ ಎಳೆದುಕೊಂಡರೆ ಅದು ಶ್ವಾಸನಾಳಕ್ಕೆ ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ ಎಂಟು ವರ್ಷದೊಳಗಿನ ಮಕ್ಕಳಿಗೆ ಉಸಿರುಗಟ್ಟುವ ಅಪಾಯವಿದೆ ಎಂದು ಬಲೂನಿನ ಪೊಟ್ಟಣದ ಮೇಲೆ ಮುದ್ರಿಸುವುದು ಕಡ್ಡಾಯ. ಹೊಟ್ಟೆಯನ್ನೇ ಬಲೂನು ಎಂದುಕೊಂಡು ಉಬ್ಬಿಸಿ ಇಳಿಸುವ ಆಟ ಆಡಿಸಿ, ನಿಜವಾದ ಬಲೂನು ಬೇಡ.

ನ್ಯೂಜೆರ್ಸಿ ಕನ್ನಡತಿ

ಹೊಟ್ಟೆಯ ಆಟಕ್ಕೆ ನನ್ನದೂ ಒಂದು ಮತ. ರಾತ್ರಿ ಮಲಗುವಾಗ ಮಗನ ಹೊಟ್ಟೆಯ ಮೇಲೆ ಅವನ ಬಟ್ಟೆಯ ಆನೆಯನ್ನು ಕೂರಿಸುತ್ತೇವೆ. ಆನೆ ಬೀಳದ ಹಾಗೆ ಮೇಲೆ ಕೆಳಗೆ ತೂಗಿ ಮಲಗಿಸಬೇಕು. ಇದನ್ನು ಇಲ್ಲಿಯ ಅವನ ಶಾಲೆಯಲ್ಲಿ ಕಲಿಸಿದರು.

ಆದರೆ ಅದೇ ಶಾಲೆಯ ಒಂದು ಪದ್ಧತಿ ನನಗೆ ಹಿಡಿಸಲಿಲ್ಲ. ತರಗತಿಯಲ್ಲಿ ಒಂದು ಶಾಂತ ಮೂಲೆ ಮಾಡಿದ್ದಾರೆ. ಮೆತ್ತೆ, ಚಿತ್ರಗಳು, ಗಿರಗಟ್ಟೆ ಎಲ್ಲವೂ ಇವೆ. ಅಳುವ ಮಗುವನ್ನು ಅಲ್ಲಿಗೆ ಒಬ್ಬಂಟಿಯಾಗಿ ಕಳುಹಿಸಿ, ಉಸಿರಾಡಿ ಸರಿಯಾದ ಮೇಲೆ ಬಾ ಎನ್ನುತ್ತಾರೆ. ನನ್ನ ಮಗ ಮನೆಗೆ ಬಂದು, "ಇವತ್ತು ನಾನು ಕೆಟ್ಟವನಾಗಿದ್ದೆ, ಅದಕ್ಕೇ ಉಸಿರಾಡಿದೆ" ಎಂದ. ಉಸಿರಾಟ ಅವನ ಪಾಲಿಗೆ ಶಿಕ್ಷೆಯಾಗಿಹೋಗಿತ್ತು. ಶಿಕ್ಷಕಿಯ ಜೊತೆ ಮಾತಾಡಿದ ಮೇಲೆ ಈಗ ಯಾರಾದರೂ ಒಬ್ಬರು ಅವನ ಜೊತೆ ಹೋಗಿ ಕೂರುತ್ತಾರೆ.

ಶಿರಸಿ ಅಜ್ಜಿ

ಆ ಮಗುವಿನ ಮಾತು ಓದಿ ಕರುಳು ಚುರುಕ್ ಎಂದಿತು. ಹೆದರಿದ ಮಗು ನಮ್ಮ ಮುಖ ನೋಡುತ್ತದೆಯೇ ಹೊರತು ಗೋಡೆಯ ಚಿತ್ರವನ್ನಲ್ಲ.

ವಿಶೇಷ ಶಿಕ್ಷಕಿ, ಬೆಂಗಳೂರು

ಅಜ್ಜಿಯವರು ಒಂದೇ ಸಾಲಿನಲ್ಲಿ ಹೇಳಿದ್ದನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮೇಲೆ ಕಲಬುರಗಿಯವರು ಕೇಳಿದ "ಉಸಿರೋ, ಮಡಿಲೋ" ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಭಾವನೆಗೆ ಲಗಾಮು ಹಾಕುವ ಕೆಲಸವನ್ನು ಹಣೆಯ ಹಿಂದಿರುವ ಮೆದುಳಿನ ಮುಂಭಾಗ ಮಾಡುತ್ತದೆ, ಅದು ಪೂರ್ತಿ ಬಲಿಯುವುದು ಸುಮಾರು ಇಪ್ಪತ್ತೈದನೆಯ ವಯಸ್ಸಿಗೆ. ನಾಲ್ಕು ವರ್ಷದ ಮಗುವಿಗೆ "ನೀನೇ ಸಮಾಧಾನ ಮಾಡಿಕೋ" ಎನ್ನುವುದು ಅದಕ್ಕೆ ಇನ್ನೂ ಬಾರದ ಕೆಲಸವನ್ನು ಹೇಳಿದಂತೆ. ಅದು ನಮ್ಮ ಸಮಾಧಾನವನ್ನು ಸಾಲ ಪಡೆದು ತಾನು ಸಮಾಧಾನಗೊಳ್ಳುತ್ತದೆ. ತಾಯಿಯೋ ತಂದೆಯೋ ಗಟ್ಟಿಯಾಗಿ ಕೂಗುತ್ತಾ "ಊದು, ಊದು" ಎಂದರೆ ಮಗುವಿಗೆ ಕೇಳಿಸುವುದು ಆ ಕೂಗು ಮಾತ್ರ. ಮೊದಲು ದೊಡ್ಡವರು ಮಗುವಿನ ಮಟ್ಟಕ್ಕೆ ಕುಳಿತು, ತಾವು ಕೇಳಿಸುವ ಹಾಗೆ ಉದ್ದವಾಗಿ ಉಸಿರು ಬಿಡಬೇಕು. ಎದೆಗೊರಗಿದ ಮಗು ಆ ಏರಿಳಿತಕ್ಕೆ ಹೊಂದಿಕೊಳ್ಳುತ್ತಾ ಬರುತ್ತದೆ. ಆದ್ದರಿಂದ ಮಡಿಲಿಲ್ಲದ ಉಸಿರಾಟದ ಆಟ ಪುಟ್ಟ ಮಕ್ಕಳಿಗೆ ಅಷ್ಟಾಗಿ ನಾಟುವುದಿಲ್ಲ.

ಅಳು ಇಳಿಯುತ್ತಾ ಬಂದ ಮೇಲೆ, ನಡೆದದ್ದಕ್ಕೆ ಹೆಸರು ಕೊಡಿ: "ಹಣ್ಣು ಮುರಿಯಿತು, ನಿನಗೆ ಬಹಳ ಬೇಜಾರಾಯಿತು." ಅಳಬಾರದಿತ್ತು ಎಂದು ಹೇಳಬೇಡಿ. ಉಸಿರಾಟ ಅಳುವನ್ನು ಅದುಮುವ ಉಪಾಯವಾಗಬಾರದು.

ಎಲ್ಲ ಮಕ್ಕಳಿಗೂ ಎಲ್ಲ ಆಟವೂ ಹೊಂದುವುದಿಲ್ಲ. ನಾನು ಕಲಿಸುವ ಆಟಿಸಂ ಇರುವ ಮಕ್ಕಳಲ್ಲಿ ಕೆಲವರಿಗೆ ಮುಖದ ಮೇಲೆ ಗಾಳಿ ತಾಗಿದರೆ ಸಹಿಸಲು ಆಗುವುದಿಲ್ಲ, ಕೆಲವರಿಗೆ ಗುಂಯ್‌ಗುಡುವ ಸದ್ದೇ ಹಿಂಸೆ. ಅಂಥವರಿಗೆ ಅಂಗೈ ಚಾಚಿಸಿ, ಇನ್ನೊಂದು ಕೈಯ ಬೆರಳಿನಿಂದ ಒಂದೊಂದು ಬೆರಳನ್ನೂ ಏರುತ್ತಾ ಉಸಿರು ಒಳಗೆ, ಇಳಿಯುತ್ತಾ ಹೊರಗೆ ಎಂದು ಮಾಡಿಸುತ್ತೇನೆ. ಮುಟ್ಟಿದ್ದು ಅವರದೇ ಕೈಯಾದ್ದರಿಂದ ಹೆದರಿಕೆಯಿಲ್ಲ.

ಕಲಬುರಗಿ ಓದುಗ

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಧನ್ಯವಾದಗಳು ಮೇಡಂ. ಮಡಿಲು ಮೊದಲು, ಊದುವುದು ಆಮೇಲೆ ಎಂದಾದರೆ ನನ್ನ ತಕರಾರು ಇಲ್ಲ. ಆದರೆ ದಿನಕ್ಕೆ ಹತ್ತು ಗಂಟೆ ದುಡಿದು ಬಂದ ತಂದೆತಾಯಿಗಳಿಗೆ ಇದೂ ಒಂದು ಕರ್ತವ್ಯದ ಪಟ್ಟಿಯಾಗಬಾರದು ಎಂಬ ಮಾತನ್ನು ಬಿಟ್ಟುಕೊಡಲಾರೆ.

ಉಡುಪಿ ಅಮ್ಮ

ನನ್ನ ಪ್ರಶ್ನೆ ಸ್ವಲ್ಪ ಬೇರೆ, ಹೆದರಿಕೆಯಿಂದ ಕೇಳುತ್ತಿದ್ದೇನೆ. ನನ್ನ ಮಗನಿಗೆ ಒಂದೂವರೆ ವರ್ಷ. ಬಿದ್ದಾಗ ಅಥವಾ ಕೈಯಲ್ಲಿದ್ದುದನ್ನು ಕಿತ್ತುಕೊಂಡಾಗ ಒಮ್ಮೆ ಜೋರಾಗಿ ಅತ್ತು, ಉಸಿರು ಹೊರಗೆ ಬಿಟ್ಟವನು ಮತ್ತೆ ಎಳೆದುಕೊಳ್ಳುವುದೇ ಇಲ್ಲ. ತುಟಿ ನೀಲಿಯಾಗಿ, ಮೈ ಸಡಿಲವಾಗಿ, ಕೆಲವು ಕ್ಷಣ ಪ್ರಜ್ಞೆ ತಪ್ಪುತ್ತದೆ. ಈ ಆಟಗಳಿಂದ ಇದು ಕಡಿಮೆಯಾಗುತ್ತದೆಯೇ?

ಮಕ್ಕಳ ಡಾಕ್ಟರ್, ದಾವಣಗೆರೆ

ಅಮ್ಮಾ, ಇದಕ್ಕೆ ಊದುವ ಆಟ ಉತ್ತರವಲ್ಲ. ನೀವು ವಿವರಿಸಿದ್ದು ಉಸಿರು ಕಟ್ಟುವ ಸೆಳವಿನಂತೆ ಕಾಣುತ್ತದೆ. ಆರು ತಿಂಗಳಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ಇದು ಬರುತ್ತದೆ. ಮಗು ಬೇಕೆಂದು ಮಾಡುವುದಲ್ಲ, ಹಟವೂ ಅಲ್ಲ. ಹೆಚ್ಚಿನ ಮಕ್ಕಳಲ್ಲಿ ಐದಾರು ವರ್ಷಕ್ಕೆ ತಾನಾಗಿ ನಿಂತುಹೋಗುತ್ತದೆ. ಆ ಕ್ಷಣದಲ್ಲಿ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ. ಅಲುಗಾಡಿಸಬೇಡಿ, ಬಾಯಿಗೆ ನೀರಾಗಲಿ ಬೆರಳಾಗಲಿ ಹಾಕಬೇಡಿ. ಒಂದು ನಿಮಿಷದೊಳಗೆ ಉಸಿರು ಮರಳದಿದ್ದರೆ ತಡಮಾಡದೆ ಆಂಬುಲೆನ್ಸ್ ಕರೆಯಿರಿ.

ಆದರೂ ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿದ್ದರೆ ಈ ಸೆಳವು ಹೆಚ್ಚಾಗುತ್ತದೆ, ಅದನ್ನು ಸರಿಪಡಿಸಿದರೆ ಹಲವರಲ್ಲಿ ಕಡಿಮೆಯಾಗುತ್ತದೆ. ಅಳುವೇ ಇಲ್ಲದೆ, ಓಡುವಾಗ ಅಥವಾ ಬೆಚ್ಚಿದಾಗ ಪ್ರಜ್ಞೆ ತಪ್ಪಿದರೆ ಹೃದಯದ ಪರೀಕ್ಷೆಯೂ ಆಗಲೇಬೇಕು.

ಉಬ್ಬಸವಿರುವ ಮಕ್ಕಳ ಮನೆಯವರಿಗೂ ಒಂದು ಮಾತು: ಊದುವ ಆಟ ಇನ್‌ಹೇಲರ್‌ನ ಬದಲಿಯಲ್ಲ.

ಉಡುಪಿ ಅಮ್ಮ

ನಾಳೆಯೇ ಕರೆದುಕೊಂಡು ಹೋಗುತ್ತೇನೆ, ಡಾಕ್ಟರೇ. ಹಟವಲ್ಲ ಎಂದು ನೀವು ಬರೆದದ್ದನ್ನು ಮನೆಯವರಿಗೆಲ್ಲ ಓದಿ ಹೇಳಿದೆ.

ವಿಶೇಷ ಶಿಕ್ಷಕಿ, ಬೆಂಗಳೂರು

ಐದು ವರ್ಷ ದಾಟಿದ ಮೇಲೂ ಮಗು ದಿನವೂ ಹೀಗೆ ಅಳುತ್ತಿದ್ದರೆ, ತನ್ನನ್ನು ತಾನೇ ಕಚ್ಚಿಕೊಳ್ಳುವುದು, ತಲೆ ಚಚ್ಚಿಕೊಳ್ಳುವುದು ಮಾಡುತ್ತಿದ್ದರೆ ಮನೆಯ ಆಟಗಳನ್ನೇ ನಂಬಿ ಕೂರಬೇಡಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಉಚಿತವಾಗಿ, ಹಗಲು ರಾತ್ರಿ ಎನ್ನದೆ ಮಾತಾಡುತ್ತಾರೆ, ಕನ್ನಡದಲ್ಲಿಯೂ ಮಾತಾಡುತ್ತಾರೆ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಮನೋವೈದ್ಯ ವಿಭಾಗವಿದೆ.

ಕೋಲಾರದ ತಂದೆ

ಇಷ್ಟು ಹೊತ್ತು ಎಲ್ಲವನ್ನೂ ಓದುತ್ತಿದ್ದೆ. ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ, ಐದು ವರ್ಷ. ದುಂಬಿಯ ಸದ್ದು, ಸಿಂಹದ ಸ್ವರ ಇಳಿಸುವುದು, ಎದುರು ಕುಳಿತು ಕೇಳಿಸುವಂತೆ ಉಸಿರು ಬಿಡುವುದು, ಇವು ಯಾವುವೂ ಅವಳಿಗೆ ತಲುಪುವುದಿಲ್ಲ. ಅವಳಿಗೆ ಏನು ಮಾಡಿಸಲಿ?

ಯೋಗ ಶಿಕ್ಷಕ, ಮೈಸೂರು

ದುಂಬಿ ಖಂಡಿತ ತಲುಪುತ್ತದೆ ಸರ್, ಕಿವಿಯ ಬದಲು ಕೈಯ ಮೂಲಕ. ನೀವು ಗುಂಯ್‌ಗುಡುವಾಗ ಅವಳ ಅಂಗೈಯನ್ನು ನಿಮ್ಮ ಎದೆಯ ಮೇಲೆ ಇರಿಸಿಕೊಳ್ಳಿ, ಕಂಪನ ಸ್ಪಷ್ಟವಾಗಿ ತಿಳಿಯುತ್ತದೆ. ಆಮೇಲೆ ಅವಳ ಕೈಯನ್ನು ಅವಳದೇ ಎದೆಯ ಮೇಲೆ ಇರಿಸಿ ಮಾಡಲು ಬಿಡಿ.

ವಿಶೇಷ ಶಿಕ್ಷಕಿ, ಬೆಂಗಳೂರು

ಕಣ್ಣಿಗೆ ಕಾಣುವ ಆಟಗಳನ್ನು ಆರಿಸಿಕೊಳ್ಳಿ. ತೆಳುವಾದ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬಾಗಿಲ ಚೌಕಟ್ಟಿನಿಂದ ಅವಳ ಮುಖದ ಎತ್ತರಕ್ಕೆ ಇಳಿಬಿಡಿ. ಊದಿದಾಗ ಪಟ್ಟಿಗಳು ಎಷ್ಟು ಹೊತ್ತು ಹಾರುತ್ತಲೇ ಇರುತ್ತವೆ ಎಂಬುದೇ ಆಟ. ನೀವು ಇನ್ನೊಂದು ಬದಿಯಲ್ಲಿ ಕುಳಿತು ಊದಿದರೆ ಪಟ್ಟಿ ಅವಳ ಕಡೆಗೆ ಬರುತ್ತದೆ, ಅವಳು ಊದಿದರೆ ನಿಮ್ಮ ಕಡೆಗೆ. ಅಳುವಾಗ ಮಾತ್ರ ಅವಳ ಎದುರಿಗೆ, ಮುಖ ಕಾಣುವಂತೆ ಕುಳಿತುಕೊಳ್ಳಿ, ಹಿಂದಿನಿಂದ ಬಂದು ತಬ್ಬಿಕೊಳ್ಳಬೇಡಿ, ಬೆಚ್ಚಿಬೀಳುತ್ತಾಳೆ. ಅವಳು ಸಂಜ್ಞೆ ಬಳಸುವವಳಾದರೆ "ಊದು" ಎಂಬುದಕ್ಕೆ ಮನೆಯವರೆಲ್ಲರೂ ಒಂದೇ ಸಂಜ್ಞೆ ಇಟ್ಟುಕೊಳ್ಳಿ, ಅಜ್ಜ ಅಜ್ಜಿಗೂ ಅದನ್ನೇ ಕಲಿಸಿ.